ಹದ್ದಿನ ಫೋಟೋಗೆ ಬೇಕಾಗಿದ್ದು ಒಂದು ವಾಷರ್

ನನ್ನದು ಕಡೂರಿನಲ್ಲಿ ಮಿಕ್ಸಿ, ಫ್ಯಾನು, ಗ್ರೈಂಡರ್ ರಿಪೇರಿ ಅಂಗಡಿ. ಎದುರಿಗೆ ಏನು ಬಂದರೂ ಬಿಚ್ಚಿ ನೋಡುವುದು ಚಾಳಿ. ಹೋದ ಅಕ್ಟೋಬರಿನಲ್ಲಿ ಭಾವಮೈದ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ತಂದುಕೊಟ್ಟ. ಮದುವೆ ಫೋಟೋ ತೆಗೆಯುವವನು, ಹೊಸದು ಕೊಂಡಿದ್ದ. "ಭಾವಾ, ಇದು ನಿಮ್ಮ ಹತ್ರಾನೇ ಇರಲಿ. ಮಾರಿದ್ರೆ ಏನೂ ಹುಟ್ಟಲ್ಲ" ಅಂದ. 18 ಮೆಗಾಪಿಕ್ಸೆಲ್, 9 ಫೋಕಸ್ ಪಾಯಿಂಟ್, ಸೆಕೆಂಡಿಗೆ 3 ಫೋಟೋ. ಇವತ್ತಿನ ಲೆಕ್ಕದಲ್ಲಿ ಅಜ್ಜನ ಕಾಲದ್ದು.

ಹದ್ದಿನ ಹುಚ್ಚು ಹಿಡಿದದ್ದು ಬೇರೆ ಕಾರಣಕ್ಕೆ. ಹಳ್ಳಿಗಳಿಂದ ರಿಪೇರಿ ಸಾಮಾನು ತರಲು ಎಕ್ಸ್‌ಎಲ್ ಗಾಡಿಯಲ್ಲಿ ಓಡಾಡುವಾಗ, ರಾಗಿ ಹೊಲದ ಮೇಲೆ ಒಂದು ಹಕ್ಕಿ ಗಾಳಿಯಲ್ಲೇ ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೆ. ಪಾರಿವಾಳದಷ್ಟು ಗಾತ್ರ. ಹೊಟ್ಟೆ ಬಿಳಿ, ಬೆನ್ನು ಬೂದಿ, ಹೆಗಲ ಮೇಲೆ ಕಪ್ಪು ಪಟ್ಟೆ, ಕಣ್ಣು ಕೆಂಡದ ಹಾಗೆ ಕೆಂಪು. ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಲ್ಲುತ್ತದೆ. ಆಮೇಲೆ ರೆಕ್ಕೆ ಮೇಲಕ್ಕೆತ್ತಿ, ಕಾಲು ಇಳಿಬಿಟ್ಟು ಮೆಲ್ಲಗೆ ಇಳಿಯುತ್ತದೆ. ಬ್ಲ್ಯಾಕ್ ವಿಂಗ್ಡ್ ಕೈಟ್, ಕಪ್ಪು ರೆಕ್ಕೆಯ ಹದ್ದು. ಗಾಳಿಯಲ್ಲಿ ನಿಂತೇ ಇರುವ ಹಕ್ಕಿಯ ಫೋಟೋ ತೆಗೆಯುವುದೇನು ಕಷ್ಟ ಅಂದುಕೊಂಡೆ.

ಮೊದಲು ಲೆನ್ಸಿನ ರಿಪೇರಿ

ಕ್ಯಾಮೆರಾ ಜೊತೆ ಬಂದಿದ್ದ ಚಿಕ್ಕ ಲೆನ್ಸ್ ಮದುವೆ ಮಂಟಪಕ್ಕೆ ಸರಿ, ಹದ್ದಿಗಲ್ಲ. 4,500 ರೂಪಾಯಿಗೆ ಒಂದು ಹಳೆಯ 75-300 ಮಿಲಿಮೀಟರಿನ ಜೂಮ್ ಲೆನ್ಸ್ ಸಿಕ್ಕಿತು. ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇಲ್ಲದ್ದು. ಮಾರಿದವರು "ಕಂಡೀಷನ್ ಸೂಪರ್" ಅಂದಿದ್ದರು. ಮನೆಗೆ ತಂದು ಹಾಕಿದರೆ ಎರಡು ಕ್ಲಿಕ್ಕಿಗೊಮ್ಮೆ ಎರರ್.

ಇದು ನನ್ನ ಏರಿಯಾ. ಲೆನ್ಸಿನ ಹಿಂಬದಿಯಲ್ಲಿ ಸಾಲಾಗಿ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳಿರುತ್ತವೆ. ಬೆರಳಿನ ಜಿಡ್ಡು ಕೂತು ಕಪ್ಪಾಗಿದ್ದವು. ಅಂಗಡಿಯಲ್ಲಿ ಪಿಸಿಬಿ ತೊಳೆಯುವ ಐಸೋಪ್ರೊಪೈಲ್ ಆಲ್ಕೋಹಾಲ್ ಇತ್ತು. ಹಳೆಯ ಕನ್ನಡಕದ ಬಟ್ಟೆಗೆ ಎರಡೇ ಹನಿ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಎರರ್ ಹೋಯಿತು. ಮರಳು ಕಾಗದ, ಒರಟು ರಬ್ಬರ್ ಹಾಕಿ ಉಜ್ಜಬೇಡಿ. ಮೇಲಿನ ಲೇಪ ಹೋದರೆ ಮತ್ತೆ ಬರುವುದಿಲ್ಲ.

ಎರಡನೇ ತೊಂದರೆ: ಲೆನ್ಸ್ ಆಕಾಶಕ್ಕೆ ಎತ್ತಿದರೆ ಜೂಮ್ ತಾನಾಗಿಯೇ ಜಾರಿ ಒಳಗೆ ಹೋಗುತ್ತಿತ್ತು. 300ಕ್ಕೆ ಇಟ್ಟರೆ 200ಕ್ಕೆ ಬಂದು ನಿಲ್ಲುವುದು. ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ ಜೂಮ್ ರಿಂಗ್ ಮತ್ತು ಬಾಡಿ ಎರಡನ್ನೂ ಹಿಡಿಯುವ ಹಾಗೆ ಹಾಕಿದೆ. ಈಗ 300ಕ್ಕೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಹದ್ದಿಗೆ ಹೇಗೂ 300 ಬಿಟ್ಟು ಬೇರೆ ಬೇಕಾಗುವುದಿಲ್ಲ.

ಒಳಗಿನ ಗಾಜಿನ ಅಂಚಿನಲ್ಲಿ ಸ್ವಲ್ಪ ಫಂಗಸ್ ಕೂಡ ಇತ್ತು. ಬಿಚ್ಚಲು ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಗಾಜುಗಳ ಮಟ್ಟ ತಪ್ಪಿದರೆ ಸರಿ ಮಾಡುವ ಉಪಕರಣ ನನ್ನ ಹತ್ತಿರ ಇಲ್ಲ. ಅಂಚಿನಲ್ಲಿರುವ ಅಷ್ಟು ಫಂಗಸ್ ಫೋಟೋದಲ್ಲಿ ಕಾಣುವುದೂ ಇಲ್ಲ. ಬಿಟ್ಟೆ.

ನವೆಂಬರಿನ ಮೊದಲ ಭಾನುವಾರ

ಬೆಳಿಗ್ಗೆ 7 ಗಂಟೆಗೆ ಹೊಲದ ದಾರಿಯಲ್ಲಿದ್ದೆ. ಕರೆಂಟ್ ತಂತಿಯ ಮೇಲೆ ಹಕ್ಕಿ ಕೂತಿತ್ತು. ಗಾಡಿ ನಿಲ್ಲಿಸಿ ಇಳಿದೆ, ಹಾರಿತು. ಮುಂದಿನ ಕಂಬಕ್ಕೆ ನಡೆದೆ, ಮತ್ತೆ ಹಾರಿತು. ಹೀಗೆ ನಾನು ಮತ್ತು ಅದು ನಾಲ್ಕು ಕಂಬ ದಾಟಿದೆವು. ಆಮೇಲೆ ಅದು ಹೊಲದ ಮೇಲೆ ನಿಂತು ರೆಕ್ಕೆ ಬಡಿಯತೊಡಗಿತು. ಕ್ಯಾಮೆರಾ ಕಣ್ಣಿಗೆ ಹಿಡಿದೆ. ನೀಲಿ ಆಕಾಶ. ಎಡಕ್ಕೆ ತಿರುಗಿಸಿದೆ, ನೀಲಿ ಆಕಾಶ. ಬಲಕ್ಕೂ ಅದೇ. ಕ್ಯಾಮೆರಾ ಇಳಿಸಿ ನೋಡಿದರೆ ಹಕ್ಕಿ ಅಲ್ಲೇ ಇದೆ! ಮತ್ತೆ ಹಿಡಿದೆ. ಸಿಕ್ಕಿತು ಅನ್ನುವಷ್ಟರಲ್ಲಿ ಲೆನ್ಸಿನ ಮೋಟರ್ ಗುರ್ರ್ ಅಂತ ಈ ತುದಿಯಿಂದ ಆ ತುದಿಗೆ ಓಡಿತು. ಅದು ವಾಪಸ್ ಬಂದು ಫೋಕಸ್ ಆಗುವ ಹೊತ್ತಿಗೆ ಹಕ್ಕಿ ಇಳಿದು, ಇಲಿ ಹಿಡಿದು ಹೊರಟಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

340 ಫೋಟೋ ತೆಗೆದೆ. ಮನೆಗೆ ಬಂದು ಟಿವಿಗೆ ಹಾಕಿ ನೋಡಿದರೆ ಹಕ್ಕಿ ಇದ್ದದ್ದು 41ರಲ್ಲಿ. ಅದೂ ಮಬ್ಬು ಮಬ್ಬು. "ಕೈ ನಡುಗಿದೆ, ಸ್ಟೆಬಿಲೈಸರ್ ಇಲ್ಲವಲ್ಲ" ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ.

ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಬೈಯುವುದೇ ಇದಕ್ಕೆ. ಮಿಕ್ಸಿ ಓಡುತ್ತಿಲ್ಲ ಅಂದ ತಕ್ಷಣ ಕಾರ್ಬನ್ ಬ್ರಷ್ ಬದಲಾಯಿಸುತ್ತಾರೆ. ಮೀಟರ್ ಹಿಡಿದು ನೋಡು ಮೊದಲು ಅಂತ ಎಷ್ಟು ಸಲ ಹೇಳಿದ್ದೇನೋ. ನಾನೇ ಮೀಟರ್ ಹಿಡಿಯದೆ ಬ್ರಷ್ ಬದಲಾಯಿಸಲು ಹೊರಟೆ.

ಮರದ ಹಿಡಿ

ಪಕ್ಕದ ಬೀದಿಯ ಆಚಾರ್ರ ಹತ್ತಿರ ಹೋಗಿ ಚಿತ್ರ ಬರೆದು ತೋರಿಸಿದೆ. ಹಿಂತುದಿ ಭುಜಕ್ಕೆ ಆನಿಕೊಳ್ಳಬೇಕು, ಮುಂದೆ ಎಡಗೈಗೆ ಹಿಡಿ, ಮಧ್ಯದಲ್ಲಿ ಕ್ಯಾಮೆರಾ. ಆಚಾರ್ರು ಕನ್ನಡಕ ಏರಿಸಿ ನೋಡಿ, "ಇದು ಕೋವಿ ಹಿಡಿ ಅಲ್ವೇನಯ್ಯ?" ಅಂದರು. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಸಿಲ್ವರ್ ಓಕ್ ಹಲಗೆ ಆರಿಸಿದರು. ನಮ್ಮ ಜಿಲ್ಲೆಯ ಕಾಫಿ ತೋಟಗಳಿಂದ ಬೇಕಾದಷ್ಟು ಬರುತ್ತದೆ, ಹಗುರ, ಅಗ್ಗ. 45 ಸೆಂಟಿಮೀಟರ್ ಉದ್ದದ ಮರ, ಭುಜದ ಕಡೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಅಂಟಿಸಿದ ಮೆತ್ತೆ. ಕ್ಯಾಮೆರಾ ಕೂರಿಸಲು ಕಾಲು ಇಂಚಿನ ಬೋಲ್ಟು. ಟ್ರೈಪಾಡಿನ ತೂತು ಕಾಲು ಇಂಚು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬೋಲ್ಟೇ ಹೊಂದಿತು. ಒಂದು ಎಚ್ಚರಿಕೆ: ಬೋಲ್ಟು ಮರದ ಮೇಲೆ 5 ಮಿಲಿಮೀಟರಿಗಿಂತ ಜಾಸ್ತಿ ಎದ್ದಿರಬಾರದು. ಉದ್ದ ಇದ್ದು ಬಿಗಿದರೆ ಕ್ಯಾಮೆರಾದ ತಳವನ್ನೇ ಒತ್ತಿ ಒಡೆಯಬಹುದು. ಕೆಳಗಿನಿಂದ ಮೂರು ವಾಷರ್ ಹಾಕಿ ಅಳತೆಗೆ ತಂದೆ.

ಈಗ ಟ್ರಿಗ್ಗರ್. ಎರಡೂ ಕೈ ಮರ ಹಿಡಿದಿರುವಾಗ ಶಟರ್ ಒತ್ತುವುದು ಹೇಗೆ? ಕ್ಯಾಮೆರಾ ಪಕ್ಕದಲ್ಲಿ ರಿಮೋಟ್ ಕೇಬಲಿಗೆ ಒಂದು ಕಿಂಡಿ ಇದೆ. ಇಯರ್‌ಫೋನಿನ 3.5 ಪಿನ್ ಅದಕ್ಕೆ ಹೋಗಲಿಲ್ಲ. ಅದು 2.5 ಮಿಲಿಮೀಟರಿನದು. ಗುಜರಿ ಡಬ್ಬದಲ್ಲಿ ಹಳೆಯ ಕೀಪ್ಯಾಡ್ ಫೋನಿನ ಹ್ಯಾಂಡ್ಸ್‌ಫ್ರೀ ಸಿಕ್ಕಿತು, ಅದರ ಪಿನ್ ಸರಿಹೋಯಿತು. ಪಿನ್ನಿನಲ್ಲಿ ಮೂರು ಭಾಗ. ನನ್ನ ಕ್ಯಾಮೆರಾದಲ್ಲಿ ಬುಡ ಗ್ರೌಂಡ್, ನಡುವಿನ ಉಂಗುರ ಫೋಕಸ್, ತುದಿ ಶಟರ್. ಉಂಗುರವನ್ನು ಬುಡಕ್ಕೆ ಮುಟ್ಟಿಸಿದರೆ ಅರ್ಧ ಒತ್ತಿದ ಹಾಗೆ, ತುದಿಯನ್ನು ಮುಟ್ಟಿಸಿದರೆ ಪೂರ್ತಿ ಒತ್ತಿದ ಹಾಗೆ. ವೈರು ಬಿಡಿಸಿ ಚಿಮಟದಿಂದ ಮುಟ್ಟಿಸಿದೆ, ಟಕ್ ಅಂತ ಫೋಟೋ ಬಿತ್ತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಟಕ್ ಅದು.

ಕೆಟ್ಟ ಕಂಪ್ಯೂಟರ್ ಮೌಸಿನಿಂದ ಎರಡು ಮೈಕ್ರೋ ಸ್ವಿಚ್ ಕಿತ್ತು, ಒಂದರ ಹಿಂದೆ ಒಂದು ಕೂರಿಸಿದೆ. ಮುಂದೆ ತಗಡಿನ ಪಟ್ಟಿ. ಪಟ್ಟಿ ಎಳೆದರೆ ಮೊದಲು ಫೋಕಸ್ ಸ್ವಿಚ್, ಇನ್ನೂ ಎಳೆದರೆ ಶಟರ್ ಸ್ವಿಚ್. ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿದೆ. ಎರಡು ಭಾನುವಾರ ಮತ್ತು ಅಂಗಡಿಯ ಎಷ್ಟೋ ಸಂಜೆ ಇದಕ್ಕೇ ಹೋದವು. ನೋಡಲು ಬಲು ಜೋರಾಗಿತ್ತು.

ಅದನ್ನು ಹಿಡಿದು ಹೊಲದ ಬದುವಿನ ಮೇಲೆ ನಿಂತು ಹತ್ತು ನಿಮಿಷ ಆಗಿರಲಿಲ್ಲ. ಹಿಂದಿನಿಂದ ಒಂದು ಕೂಗು.

"ಯಾರೋ ಅದು? ಕೋವಿ ಕೆಳಗಿಡು ಮೊದ್ಲು!"

ವಯಸ್ಸಾದ ರೈತರು. ಕೈಯಲ್ಲಿ ಕುಡುಗೋಲು. ಜೊತೆಗೆ ಒಂದು ನಾಯಿ. ನವಿಲು ಹೊಡೆಯಲು ಬಂದವನು ಅಂದುಕೊಂಡಿದ್ದರು. "ಅಜ್ಜಾ, ಕೋವಿ ಅಲ್ಲ, ಕ್ಯಾಮೆರಾ" ಅಂತ ತೋರಿಸಿದೆ. ಮರದ ಹಿಡಿ, ತಗಡಿನ ಟ್ರಿಗ್ಗರ್ ನೋಡಿ ಅವರ ಅನುಮಾನ ಇನ್ನೂ ಜಾಸ್ತಿಯಾಯಿತು. ಕೊನೆಗೆ ಮುಖ ದಿಟ್ಟಿಸಿ ನೋಡಿ, "ನೀನು ಮಿಕ್ಸಿ ಅಂಗಡಿಯವನಲ್ವಾ? ನಮ್ಮನೆ ಗ್ರೈಂಡರ್ ತಿಂಗಳಿಂದ ನಿನ್ನ ಹತ್ರಾನೇ ಐತೆ. ಇಲ್ಲಿ ಹಕ್ಕಿ ಹಿಂದೆ ಬಿದ್ದಿದೀಯಾ?" ಅಂದರು.

ತಲೆ ಎತ್ತಲಿಲ್ಲ ನಾನು. ಮಂಗಳವಾರ ಗ್ರೈಂಡರ್ ಮನೆಗೇ ಒಯ್ದು ಕೊಟ್ಟೆ. ಮುಂದೆ ಈ ಅಜ್ಜನೇ ಕೆಲಸಕ್ಕೆ ಬಂದರು, ಅದನ್ನು ಆಮೇಲೆ ಹೇಳುತ್ತೇನೆ. ಇದಕ್ಕೆ ಕೈ ಹಾಕುವವರು ಇದ್ದರೆ ಒಂದು ಮಾತು: ಭುಜಕ್ಕೆ ಆನಿಸುವ ಹಿಡಿ ದೂರದಿಂದ ಬಂದೂಕಿನ ಹಾಗೇ ಕಾಣುತ್ತದೆ. ಹಳ್ಳಿಯಲ್ಲಿ, ಕಾಡಿನ ಅಂಚಿನಲ್ಲಿ ಅದು ತಮಾಷೆಯಲ್ಲ.

ಮಗಳು ಮೀಟರ್ ಹಿಡಿದಳು

ಆ ದಿನದ 212 ಫೋಟೋ ಟಿವಿಯಲ್ಲಿ ನೋಡುತ್ತಾ ಕೂತಿದ್ದೆ. ಎಲ್ಲಾ ಹಳೆಯ ಹಾಡೇ. ಪಿಯುಸಿ ಓದುವ ಮಗಳು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು.

"ಅಪ್ಪಾ, ಕೈ ನಡುಗಿದ್ರೆ ಎಲ್ಲಾ ನಡುಗಬೇಕು ತಾನೇ? ಹಿಂದಿನ ತಂತಿ ನೀಟಾಗಿದೆ. ಹಕ್ಕಿ ಒಂದೇ ಮಬ್ಬು."

ಸುಮ್ನೆ ಕೂತುಬಿಟ್ಟೆ. ಅವಳು ಹೇಳಿದ್ದು ಸರಿ. ಕೈ ಅಲ್ಲಾಡಿದರೆ ಇಡೀ ಫೋಟೋ ಒಂದೇ ದಿಕ್ಕಿಗೆ ಎಳೆದ ಹಾಗೆ ಇರುತ್ತದೆ. ಹಕ್ಕಿಯ ಮೈ ಸ್ಪಷ್ಟವಾಗಿದ್ದು ರೆಕ್ಕೆಯ ತುದಿ ಮಾತ್ರ ಕದಡಿದ್ದರೆ ಶಟರ್ ನಿಧಾನ. ಹಿಂದಿನ ತಂತಿಯೋ ಮರವೋ ಚೂಪಾಗಿದ್ದು ಹಕ್ಕಿ ಮಬ್ಬಾಗಿದ್ದರೆ ಫೋಕಸ್ ಬೇರೆ ಕಡೆ ಕೂತಿದೆ.

ಇಬ್ಬರೂ ಕಾಗದದ ಮೇಲೆ ಗೆರೆ ಹಾಕಿ ಎಣಿಸಿದೆವು. ಹಕ್ಕಿಯೇ ಇಲ್ಲದ್ದು, ಅರ್ಧ ಕತ್ತರಿಸಿಹೋದದ್ದು 140. ಫೋಕಸ್ ತಪ್ಪಿದ್ದು 58. ಹಕ್ಕಿ ಕಪ್ಪು ಮಸಿಯಾದದ್ದು 11. ಕೈ ನಡುಗಿದ್ದು ಮೂರೇ ಮೂರು. ಆ ಮೂರಕ್ಕಾಗಿ ನಾನು ಮೂರು ವಾರ ಮರ ಕೆತ್ತಿದ್ದೆ.

ಹಿಡಿ ಇದ್ದದ್ದರಿಂದಲೇ ನಡುಕ ಕಡಿಮೆಯಾಗಿರಬಹುದಲ್ಲ ಅಂತ ವಾದ ಹೂಡಿದೆ. ಮೊದಲ ಭಾನುವಾರದ 41ನ್ನೂ ತೆಗೆಸಿದಳು. ಅದರಲ್ಲಿ ನಡುಗಿದ್ದು ನಾಲ್ಕು. 300 ಲೆನ್ಸಿಗೆ ಕೈ ನಡುಕ ಕಾಣದಿರಲು ಶಟರ್ ವೇಗ ಸೆಕೆಂಡಿನ 1/500ರ ಆಸುಪಾಸು ಇದ್ದರೆ ಸಾಕು. ರೆಕ್ಕೆ ಬಡಿಯುವ ಹಕ್ಕಿಗೆ ನಾನು ಹೇಗೂ 1/1600 ಇಟ್ಟಿದ್ದೆ. ಆ ವೇಗದಲ್ಲಿ ಸ್ವಲ್ಪ ನಡುಗಿದರೂ ಗೊತ್ತಾಗುವುದಿಲ್ಲ.

ಹಿಡಿಗೆ ಕೊನೆಯ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಫೋಕಸ್ ಕೆಲಸವನ್ನು ಶಟರ್ ಬಟನ್ನಿನಿಂದ ತೆಗೆದು ಹಿಂದಿನ ಹೆಬ್ಬೆರಳ ಬಟನ್ನಿಗೆ ಕೊಡಬಹುದು. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಫೋಕಸ್ ಹಿಂಬಾಲಿಸುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹಕ್ಕಿಯ ಮುಂದೆ ಕೊಂಬೆ ಅಡ್ಡ ಬಂದಾಗ ಲೆನ್ಸ್ ಗುರ್ರ್ ಅಂತ ಓಡುವುದು ತಪ್ಪುತ್ತದೆ. ಮೆನುವಿನಲ್ಲಿ ಅದನ್ನು ಬದಲಾಯಿಸಿದೆ. ಬದಲಾಯಿಸಿದ ಕೂಡಲೇ ನನ್ನ ಟ್ರಿಗ್ಗರಿನ ಮೊದಲ ಸ್ವಿಚ್ ದಂಡವಾಯಿತು. ಕ್ಯಾಮೆರಾ ಲೆಕ್ಕದಲ್ಲಿ ಅದೂ ಶಟರ್ ಬಟನ್ನೇ. ಹೆಬ್ಬೆರಳು ಕ್ಯಾಮೆರಾ ಹಿಂದೆ ಇರಬೇಕು, ಬೆರಳು ಮರದ ಟ್ರಿಗ್ಗರ್ ಮೇಲೆ ಇರಬೇಕು. ಅಷ್ಟು ಉದ್ದದ ಕೈ ದೇವರು ನನಗೆ ಕೊಟ್ಟಿಲ್ಲ.

ವಾಷರ್

ಈಗ ನಿಜವಾದ ರೋಗ ಗೊತ್ತಾಯಿತು: ಹಕ್ಕಿ ಫ್ರೇಮಿಗೆ ಸಿಗುತ್ತಿಲ್ಲ. ಯಾಕೆ ಸಿಗುವುದಿಲ್ಲ ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ನನ್ನ ಕ್ಯಾಮೆರಾದ ಸೆನ್ಸರ್, ಅಂದರೆ ಒಳಗೆ ಚಿತ್ರ ಹಿಡಿಯುವ ಚಿಪ್, ಸುಮಾರು 22 ಮಿಲಿಮೀಟರ್ ಅಗಲ, 15 ಎತ್ತರ. ಲೆನ್ಸ್ 300. 50 ಮೀಟರ್ ದೂರದಲ್ಲಿ ಅದು ನೋಡುವುದು ಮೂರೂಮುಕ್ಕಾಲು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಒಂದು ಕಿಟಕಿ. ಇಡೀ ಆಕಾಶದಲ್ಲಿ ಅಷ್ಟೇ. ಬರಿಗಣ್ಣಿನಿಂದ ಹಕ್ಕಿ ನೋಡಿ, ತಲೆ ಬಗ್ಗಿಸಿ ಕಿಂಡಿಗೆ ಕಣ್ಣಿಡುವಾಗ ಕ್ಯಾಮೆರಾ ಎರಡು ಡಿಗ್ರಿ ತಿರುಗಿದರೂ ಹಕ್ಕಿ ಮಾಯ.

ಮೊದಲು ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು ಕ್ಯಾಮೆರಾ ಮೇಲೆ ಕಟ್ಟಿ, ಅದರ ಮೂಲಕ ನೋಡಿದೆ. ಅದು ಇನ್ನೂ ಕೆಟ್ಟದ್ದು. ಒಂದು ಕಿಂಡಿ ಬಿಟ್ಟು ಇನ್ನೊಂದು ಕಿಂಡಿಗೆ ಬಿದ್ದ ಹಾಗಾಯಿತು. ಪೈಪಿನ ಗೋಡೆ ಸುತ್ತಲಿನದನ್ನೆಲ್ಲ ಮುಚ್ಚುತ್ತದೆ. ಬೇಕಾಗಿದ್ದು ಗೋಡೆ ಇಲ್ಲದ ಬಳೆ. ಬಳೆಯ ಒಳಗೆ ಕಂಡದ್ದು ಫೋಟೋದೊಳಗೆ, ಹೊರಗಿನದೂ ಕಣ್ಣಿಗೆ ಕಾಣುತ್ತಲೇ ಇರಬೇಕು.

ಬಳೆ ಎಷ್ಟು ದೊಡ್ಡದಿರಬೇಕು? ಇಲ್ಲಿ ಲೆಕ್ಕ ತಾನಾಗಿ ಬಗೆಹರಿಯಿತು. ಸೆನ್ಸರ್ 15 ಎತ್ತರ, ಲೆನ್ಸ್ 300. ಹಾಗಾದರೆ ಕಣ್ಣಿನಿಂದ 300 ಮಿಲಿಮೀಟರ್ ದೂರದಲ್ಲಿ 15 ಮಿಲಿಮೀಟರಿನ ಬಳೆ ಇಟ್ಟರೆ, ಅದರೊಳಗೆ ಕಾಣುವುದು ಫ್ರೇಮಿನ ಎತ್ತರದಷ್ಟೇ. ಡಬ್ಬದಲ್ಲಿ ಸಿಕ್ಕ 16ರ ಬೋಲ್ಟಿನ ವಾಷರಿಗೆ 17 ಮಿಲಿಮೀಟರ್ ತೂತು. ಅದನ್ನು ಕಣ್ಣಿನಿಂದ 34 ಸೆಂಟಿಮೀಟರ್ ಮುಂದಿಟ್ಟರೆ ಆಯಿತು.

ಕ್ಯಾಮೆರಾ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ ಇದೆಯಲ್ಲ, ಅದಕ್ಕೆ ಸತ್ತ ಫ್ಲ್ಯಾಶಿನ ಪ್ಲಾಸ್ಟಿಕ್ ಪಾದ ಹಾಕಿದೆ. ಅಲ್ಲಿ ಕಾಂಟ್ಯಾಕ್ಟ್‌ಗಳಿವೆ, ಲೋಹ ತುರುಕಬೇಡಿ. ಪಾದದ ಮೇಲೆ 26 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ. ಮುಂತುದಿಯಲ್ಲಿ ದೊಡ್ಡ ವಾಷರ್ ನೆಟ್ಟಗೆ ನಿಲ್ಲಿಸಿದೆ. ಹಿಂತುದಿಯಲ್ಲಿ 5ರ ಬೋಲ್ಟಿನ ಸಣ್ಣ ವಾಷರ್. ಸಣ್ಣ ತೂತಿನೊಳಗೆ ದೊಡ್ಡ ತೂತು ಸರಿಯಾಗಿ ಕೂತರೆ ತಲೆ ಸರಿ ಜಾಗದಲ್ಲಿದೆ ಅಂತ. ಎರಡಕ್ಕೂ ಬೋರ್ಡ್ ಬಳಿಯುವ ಕಪ್ಪು ಪೇಂಟ್, ಇಲ್ಲದಿದ್ದರೆ ಬಿಸಿಲಿಗೆ ಹೊಳೆಯುತ್ತದೆ.

ಮಟ್ಟ ಹೊಂದಿಸುವುದು ಸಂಜೆಯ ಕೆಲಸ. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು ದೂರದ ಮೊಬೈಲ್ ಟವರಿನ ಕೆಂಪು ದೀಪವನ್ನು ಫ್ರೇಮಿನ ನಡುವಿಗೆ ತಂದೆ. ಆಮೇಲೆ ವಾಷರಿನೊಳಗೆ ನೋಡಿದರೆ ದೀಪ ಮೇಲೆ, ಎಡಕ್ಕೆ. ಪಟ್ಟಿಯ ಕೆಳಗೆ ಪೋಸ್ಟ್ ಕಾರ್ಡಿನ ತುಂಡು ಮಡಚಿ ಇಟ್ಟು, ತುಸು ತಿರುಗಿಸಿ, ದೀಪ ತೂತಿನ ನಡುವೆ ಬಂದಾಗ ಎಂಸೀಲ್ ಹಾಕಿ ಗಟ್ಟಿ ಮಾಡಿದೆ. ವಾಷರ್ ಲೆನ್ಸಿಗಿಂತ 10 ಸೆಂಟಿಮೀಟರ್ ಮೇಲಿದೆ, ಹತ್ತಿರದ ಹಕ್ಕಿಗೆ ಗುರಿ ತಪ್ಪುವುದಿಲ್ಲವೇ ಅಂತ ಕೇಳಬಹುದು. ತಪ್ಪುತ್ತದೆ, ಆ 10 ಸೆಂಟಿಮೀಟರ್ ಅಷ್ಟೇ. 25 ಮೀಟರಿನಲ್ಲೂ ಫ್ರೇಮಿನ ಎತ್ತರ ಒಂದೂಕಾಲು ಮೀಟರ್ ಇರುವಾಗ ಅದು ಲೆಕ್ಕಕ್ಕಿಲ್ಲ.

ಖರ್ಚು? ಎಂಸೀಲ್ ಬಿಟ್ಟರೆ ಏನೂ ಇಲ್ಲ.

ಮಾಂಸದ ಅಂಗಡಿಯ ಹದ್ದುಗಳು

ಹೊಲಕ್ಕೆ ಹೋಗುವ ಮೊದಲು ಊರಲ್ಲೇ ಅಭ್ಯಾಸ ಮಾಡಿದೆ. ಮಾಂಸದ ಅಂಗಡಿಗಳ ಮೇಲೆ ಕಂದು ಹದ್ದುಗಳು ಸದಾ ಸುತ್ತುತ್ತವೆ. ಒಂದೂವರೆ ಮೀಟರ್ ರೆಕ್ಕೆ, ಕವಲೊಡೆದ ಬಾಲ. ಬೆಳಿಗ್ಗೆ ಒಂಬತ್ತರ ನಂತರ ನೆಲ ಕಾದು ಬಿಸಿ ಗಾಳಿ ಏಳುವಾಗ ರೆಕ್ಕೆ ಆಡಿಸದೆ ಗಿರಕಿ ಹೊಡೆಯುತ್ತವೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಎರಡೂ ಕಣ್ಣು ತೆರೆದು, ವಾಷರಿನೊಳಗೆ ಹದ್ದು ಕೂರಿಸಿ, ಹೆಬ್ಬೆರಳು ಒತ್ತಿ, ಅದರ ಜೊತೆಗೇ ಸೊಂಟದಿಂದ ತಿರುಗಬೇಕು. ಮೊದಲ ಅರ್ಧ ಗಂಟೆಯಲ್ಲೇ ಹತ್ತರಲ್ಲಿ ಏಳು ಫೋಟೋದಲ್ಲಿ ಹಕ್ಕಿ ಇತ್ತು. 9 ಫೋಕಸ್ ಪಾಯಿಂಟಿನಲ್ಲಿ ನಡುವಿನದೊಂದನ್ನೇ ಇಟ್ಟುಕೊಂಡೆ. ಉಳಿದವು ಹಿಂದಿನ ತಂತಿ, ಮರ ಹಿಡಿಯುವುದಕ್ಕೇ ಹುಟ್ಟಿದ ಹಾಗಿವೆ.

ಮಸಿಯಾದ 11ರ ರೋಗವೂ ಇಲ್ಲೇ ಗೊತ್ತಾಯಿತು. ಆಟೋದಲ್ಲಿ ಇಟ್ಟರೆ ಕ್ಯಾಮೆರಾ ಬೆಳ್ಳನೆಯ ಆಕಾಶ ನೋಡಿ "ಬೆಳಕು ಜಾಸ್ತಿ" ಅಂದುಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತದೆ. ಅದೇ ಹಕ್ಕಿ ಬೇವಿನ ಮರದ ಮುಂದೆ ಬಂದರೆ ಬೇಕಾದ್ದಕ್ಕಿಂತ ಬೆಳ್ಳಗೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗಿಲ್ಲ, ಹಿನ್ನೆಲೆ ಬದಲಾಗಿದೆ ಅಷ್ಟೇ. ಹಾಗಾಗಿ ಮ್ಯಾನುಯಲ್ಲಿಗೆ ಹಾಕಿ ಶಟರ್ 1/1600, ಲೆನ್ಸ್ ಎಷ್ಟು ತೆರೆಯಬೇಕು ಅನ್ನುವ ಎಫ್ 8, ಬೆಳಕಿಗೆ ಸೆನ್ಸರ್ ಎಷ್ಟು ಚುರುಕಿರಬೇಕು ಅನ್ನುವ ಐಎಸ್‌ಒ 400 ಅಂತ ಬಿಗಿದುಬಿಟ್ಟೆ. ಚೆನ್ನಾಗಿ ಬಿಸಿಲಿದ್ದು, ಸೂರ್ಯ ನಮ್ಮ ಬೆನ್ನಿಗಿದ್ದರೆ ಇದು ಸರಿಹೋಗುತ್ತದೆ. ಬೆಳಿಗ್ಗೆ ಬೇಗ ಆದರೆ ಐಎಸ್‌ಒ 800. ಎಫ್ 5.6ಕ್ಕಿಂತ 8ರಲ್ಲಿ ನನ್ನ ಲೆನ್ಸ್ ಚೂಪು.

ಒಬ್ಬ ಗಿರಾಕಿ, "ಕೋಳಿ ಕರುಳು ಎಸೀರಿ ಸಾರ್, ತಲೆ ಹತ್ರಾನೇ ಬರ್ತವೆ" ಅಂದ. ಬರುತ್ತವೆ, ನಿಜ. ಆದರೆ ಎಸೆದು ಕರೆಸಿದ ಹಕ್ಕಿಯ ಫೋಟೋ ನನಗೆ ಬೇಕಿರಲಿಲ್ಲ. ನಾಳೆ ಅದು ಇನ್ಯಾರದೋ ಕೈಯ ತಿಂಡಿಗೆ ಎರಗುತ್ತದೆ.

ಮಧ್ಯೆ ಒಂದು ದಿನ ಅಮೃತ ಮಹಲ್ ಕಾವಲಿನ ಕಡೆಗೂ ಹೋಗಿದ್ದೆ. ಮೈಸೂರಿನ ಅರಸರ ಕಾಲದಲ್ಲಿ ಸೈನ್ಯದ ಸಾಮಾನು ಎಳೆಯುವ ದನಗಳಿಗೆ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳು ಅವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ಬರುತ್ತವೆ. ರಸ್ತೆ ಬದಿಯಿಂದಲೇ ಒಂದನ್ನು ನೋಡಿದೆ. ಹುಲ್ಲಿಗೆ ತಾಗುವ ಹಾಗೆ ಎಡಕ್ಕೆ ಬಲಕ್ಕೆ ವಾಲುತ್ತಾ ತೇಲಿಹೋಯಿತು. ಫೋಟೋದಲ್ಲಿ ಕಂದು ಹುಲ್ಲಿನ ಮೇಲೆ ಒಂದು ಕಂದು ಚುಕ್ಕಿ. ಹಿನ್ನೆಲೆಯಲ್ಲಿ ಹುಲ್ಲಿದ್ದರೆ ನನ್ನ ಫೋಕಸ್ ಹುಲ್ಲನ್ನೇ ಹಿಡಿಯುತ್ತದೆ. ಮುಂದಿನ ಚಳಿಗಾಲ ನೋಡೋಣ.

ಅಜ್ಜನ ಹೊಲ

ಡಿಸೆಂಬರ್ ಮಧ್ಯದಲ್ಲಿ ಗ್ರೈಂಡರ್ ಅಜ್ಜ ಅಂಗಡಿಗೆ ಬಂದರು. "ರಾಗಿ ಕೊಯ್ದು ಮೆದೆ ಹಾಕಿದೀವಿ. ಇಲಿಗಳಿಗೆ ಅಡಗೋಕೆ ಜಾಗ ಇಲ್ಲ. ನಿನ್ನ ಬಿಳಿ ಹದ್ದು ದಿನಾ ಬೆಳಿಗ್ಗೆ ಮೋಟ್ರು ಮನೆ ಪಕ್ಕದ ಒಣ ಜಾಲಿ ಮೇಲೆ ಕೂರ್ತದೆ. ಇಳಿದು ನಡ್ಕೊಂಡು ಬರಬೇಡ, ಗಾಡೀಲೇ ಬಂದು ಗಾಡಿ ಮೇಲೇ ಕೂತಿರು. ನಾವು ಗಾಡೀಲಿ ಹೋದ್ರೆ ಅದು ಕ್ಯಾರೇ ಅನ್ನಲ್ಲ" ಅಂದರು. ನಾಲ್ಕು ಕಂಬ ಅಟ್ಟಿಸಿಕೊಂಡು ಹೋದ ನನಗೆ ಈ ಎರಡು ಮಾತು ಮೊದಲೇ ಯಾರಾದರೂ ಹೇಳಿದ್ದರೆ!

ಭಾನುವಾರ 7:15ಕ್ಕೆ ಎಕ್ಸ್‌ಎಲ್‌ನಲ್ಲಿ ಹೋಗಿ ಜಾಲಿ ಮರಕ್ಕೆ ಸುಮಾರು 25 ಮೀಟರ್ ದೂರದಲ್ಲಿ ಇಂಜಿನ್ ಆಫ್ ಮಾಡಿದೆ. ಸೂರ್ಯ ಬೆನ್ನಿಗೆ, ಎದುರಿಗೆ ದೂರದಲ್ಲಿ ಬಾಬಾಬುಡನ್ ಗಿರಿಯ ನೀಲಿ ಸಾಲು. ಮರದ ಹಿಡಿ ಮನೆಯಲ್ಲೇ ಇತ್ತು. ಮೊಣಕೈ ಗಾಡಿಯ ಹ್ಯಾಂಡಲ್ ಮೇಲೆ. ಖಾಲಿ ಮರಕ್ಕೆ ಮೊದಲೇ ಫೋಕಸ್ ಹಾಕಿಟ್ಟುಕೊಂಡೆ. ಹಾಗೆ ಮಾಡಿದರೆ ಹಕ್ಕಿ ಬಂದಾಗ ಮೋಟರ್ ದೂರ ಓಡಬೇಕಾಗಿಲ್ಲ.

ನಲವತ್ತು ನಿಮಿಷ ಏನೂ ಇಲ್ಲ. ಒಂದು ಕಾಜಾಣ ಬಂದು ಕೂತು ಬೈದು ಹೋಯಿತು. ಆಮೇಲೆ ಹದ್ದು ಎಲ್ಲಿಂದ ಬಂತೋ, ಕೊಂಬೆಯ ಮೇಲಿತ್ತು. ಬಾಲ ಮೇಲೆ ಕೆಳಗೆ ಕುಣಿಸುತ್ತಾ ನೆಲ ನೋಡುತ್ತಿತ್ತು. ನನ್ನ ಕಡೆ ಒಂದು ಸಲ ತಿರುಗಿತು. ಆ ಕೆಂಪು ಕಣ್ಣು! ನನ್ನ ಎದೆ ಎಷ್ಟು ಹೊಡೆದುಕೊಂಡಿತು ಅಂದರೆ, ಇವತ್ತು ನಿಜವಾಗಿಯೂ ಕೈ ನಡುಗುತ್ತಿತ್ತು.

ಕೂತದ್ದನ್ನು ಹತ್ತು ಫೋಟೋ ತೆಗೆದೆ. ಎದ್ದು ಹೊಲದ ಮೇಲೆ ಹೋಗಿ ಗಾಳಿಯಲ್ಲಿ ನಿಂತಿತು. ಕ್ಯಾಮೆರಾ ಎತ್ತಿದೆ, ವಾಷರಿನೊಳಗೆ ಹಕ್ಕಿ ಕೂತಿತು, ಹೆಬ್ಬೆರಳು ಒತ್ತಿದೆ, ಟಕ್ ಟಕ್ ಟಕ್. ರೆಕ್ಕೆ ಮೇಲಕ್ಕೆತ್ತಿ ಇಳಿಯತೊಡಗಿತು. ಸೆಕೆಂಡಿಗೆ 3 ಫೋಟೋ ಅಂದರೆ ಎಷ್ಟು ಕಮ್ಮಿ ಅಂತ ಆಗ ಗೊತ್ತಾಗುತ್ತದೆ. ಎರಡು ಟಕ್ಕಿನ ನಡುವೆ ಹಕ್ಕಿ ಆಳೆತ್ತರ ಇಳಿದಿರುತ್ತದೆ. ಕೂಳೆಯ ನಡುವೆ ಬಿತ್ತು, ಎದ್ದಿತು, ಹೋಯಿತು.

ಅಜ್ಜ ಮೆದೆಯ ಹತ್ತಿರದಿಂದ ಕೂಗಿದರು. "ಬಿತ್ತಾ?"

"ಬಿತ್ತು ಅನ್ಸುತ್ತೆ ಅಜ್ಜಾ."

ಅವರು ಇನ್ನೊಂದು ಮಾತೂ ಹೇಳಿದರು. ತೋಟದ ಆಚೆ ಇನ್ನೊಂದು ಜಾಲಿಯಲ್ಲಿ ಗೂಡು ಕಟ್ಟುತ್ತಿದೆಯಂತೆ, ತೋರಿಸಲಾ ಅಂತ ಕೇಳಿದರು. ಬೇಡ ಅಂದೆ. ಗೂಡಿನ ಹತ್ತಿರ ಸುಳಿದರೆ ಅವು ಗೂಡನ್ನೇ ಬಿಟ್ಟುಹೋಗಬಹುದು. ಕಾಗೆಗಳಿಗೂ ನಾವೇ ದಾರಿ ತೋರಿಸಿದ ಹಾಗೆ.

96 ಫೋಟೋದಲ್ಲಿ ಫೋಕಸ್ ಸರಿಯಾಗಿ ಕೂತದ್ದು 22. ಅದರಲ್ಲಿ ಒಂದು ನನಗೆ ಬೇಕಾದ್ದು. ಎರಡೂ ರೆಕ್ಕೆ ಎತ್ತಿ, ಕಾಲು ಚಾಚಿ, ಕೂಳೆಗೆ ಇನ್ನೇನು ಮುಟ್ಟುವಂತಿದೆ. ಹಿಂದೆ ಮಬ್ಬಾದ ಗಿರಿ. ಎಡ ರೆಕ್ಕೆಯ ತುದಿ ಸ್ವಲ್ಪ ಕದಡಿದೆ, ಮುಂದಿನ ಸಲ 1/2500 ಇಡಬೇಕು. ಹಕ್ಕಿ ಫ್ರೇಮಿನ ಬಲಮೂಲೆಗೆ ಸರಿದಿದೆ, ಎಂಸೀಲ್ ಒಣಗುವಾಗ ಪಟ್ಟಿ ಒಂದು ಕೂದಲಿನಷ್ಟು ತಿರುಗಿರಬೇಕು. ವಾಷರ್ ಕಿತ್ತು ಮತ್ತೆ ಹೊಂದಿಸಬೇಕು. ಮರದ ಹಿಡಿ ಅಂಗಡಿಯಲ್ಲಿ ಫ್ಯಾನ್ ಮೋಟರ್ ಟೆಸ್ಟ್ ಮಾಡಲು ಆನಿಕೆಯಾಗಿದೆ. ಟ್ರಿಗ್ಗರಿನ ಎರಡು ಸ್ವಿಚ್ ಒಂದು ಗಿರಾಕಿಯ ಮೌಸಿಗೆ ಹೋದವು.

ಆ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಜ್ಜನಿಗೆ ಒಯ್ದು ಕೊಟ್ಟೆ. ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದರು. ಅಜ್ಜಿಯನ್ನು ಕರೆದು ತೋರಿಸಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು:

"ಎಲ್ಲಾ ಸರಿ ಕಣಪ್ಪಾ. ಇಲಿ ಎಲ್ಲಿ?"